ಇ20 ಪೆಟ್ರೋಲ್: ಹಳೇ ಸ್ಕೂಟರ್ ಕೆಡೋದು ಓಡಿದಾಗಲ್ಲ, ನಿಂತಾಗ

ಈ ವಿಡಿಯೋ ನಿಮ್ಮ ವಾಟ್ಸಾಪಿಗೂ ಬಂದಿರಬಹುದು. ಬಂಕಿನಿಂದ ತಂದ ಪೆಟ್ರೋಲನ್ನು ಒಂದು ಬಾಟಲಿಗೆ ಹಾಕುತ್ತಾರೆ. ಅದಕ್ಕೆ ಒಂದಿಷ್ಟು ನೀರು ಸುರಿದು, ಮುಚ್ಚಳ ಬಿಗಿದು ಚೆನ್ನಾಗಿ ಕುಲುಕುತ್ತಾರೆ. ಸ್ವಲ್ಪ ಹೊತ್ತಿಗೆ ಮೇಲೆ ಪೆಟ್ರೋಲ್, ಕೆಳಗೆ ನೀರು ನಿಲ್ಲುತ್ತದೆ. ಆದರೆ ಹಾಕಿದ ನೀರು ಒಂದು ಬೆರಳಿನಷ್ಟಿದ್ದರೆ ಕೆಳಗೆ ನಿಂತದ್ದು ಎರಡು ಬೆರಳು. "ನೋಡ್ರಪ್ಪಾ, ಬಂಕಿನವರು ನೀರು ಬೆರೆಸಿದ್ದಾರೆ" ಅಂತ ಹಿಂದಿನಿಂದ ಒಂದು ದನಿ.

ವಿಡಿಯೋ ಸುಳ್ಳಲ್ಲ. ಅರ್ಥ ಮಾಡಿಕೊಂಡದ್ದು ತಪ್ಪು. 100 ಮಿಲಿ ಪೆಟ್ರೋಲಿಗೆ 20 ಮಿಲಿ ನೀರು ಹಾಕಿ ಕುಲುಕಿದರೆ ಕೆಳಗಿನ ಪದರ 40 ಮಿಲಿ ಹತ್ತಿರ ಬರುತ್ತದೆ. ಆ ಹೆಚ್ಚುವರಿ 20 ಮಿಲಿ ನೀರಲ್ಲ, ಎಥನಾಲ್. ಅಂದರೆ ಕಬ್ಬು, ಮೆಕ್ಕೆಜೋಳದಂಥ ಬೆಳೆಯಿಂದ ತೆಗೆದ ಆಲ್ಕೋಹಾಲ್. ಪೆಟ್ರೋಲಿನ ಜೊತೆ ಬೆರೆತಿದ್ದ ಎಥನಾಲ್ ನೀರು ಸಿಕ್ಕ ಕೂಡಲೇ ಅದರ ಜೊತೆ ಹೋಗಿಬಿಡುತ್ತದೆ. ಅಂದರೆ ಆ ವಿಡಿಯೋ ತೋರಿಸುತ್ತಿರೋದು ಕಲಬೆರಕೆಯನ್ನಲ್ಲ. ಸರ್ಕಾರ ಹೇಳಿಯೇ ಶೇ 20ರಷ್ಟು ಎಥನಾಲ್ ಬೆರೆಸುತ್ತಿರುವ ಇ20 ಪೆಟ್ರೋಲನ್ನು.

ಗೊಂದಲ ಇದೊಂದೇ ಅಲ್ಲ. 2025ರ ಆಗಸ್ಟ್‌ನಲ್ಲಿ ಇ20 ಹಾಕಿದರೆ ಇನ್ಶೂರೆನ್ಸ್ ಸಿಗಲ್ಲ ಅನ್ನೋ ಸುದ್ದಿ ಹಬ್ಬಿತು. ಪೆಟ್ರೋಲಿಯಂ ಸಚಿವಾಲಯ ಅದು ಸುಳ್ಳು ಅಂತ ಹೇಳಿತು. ಎಥನಾಲ್ ಇಲ್ಲದ ಪೆಟ್ರೋಲೂ ಬಂಕಿನಲ್ಲಿ ಸಿಗಬೇಕು ಅಂತ ಸುಪ್ರೀಂ ಕೋರ್ಟಿಗೆ ಹಾಕಿದ್ದ ಅರ್ಜಿ ಸೆಪ್ಟೆಂಬರ್ 1ರಂದು ವಜಾ ಆಯಿತು. ಒಂದು ಕಡೆ "ಏನೂ ಆಗಲ್ಲ" ಅನ್ನೋರು, ಇನ್ನೊಂದು ಕಡೆ "ಎಂಜಿನ್ನೇ ಹೋಯ್ತು" ಅನ್ನೋರು. ಈ ಜಗಳದಲ್ಲಿ ಮಾತೆಲ್ಲ ಕಾರಿನದ್ದು, ಮೈಲೇಜಿನದ್ದು. ಮನೆ ಮುಂದೆ ನಿಂತಿರುವ 110 ಸಿಸಿಯ ಹಳೇ ಸ್ಕೂಟರಿನ ಕತೆಯೇ ಬೇರೆ. ಅದನ್ನು ಕೇಳಿದವರು ಕಡಿಮೆ.

ಇ20 ಇಲ್ಲಿಗೆ ಬಂದ ದಾರಿ

ಪೆಟ್ರೋಲಿಗೆ ಎಥನಾಲ್ ಬೆರೆಸೋದು ಹೊಸದೇನಲ್ಲ. 2003ರಲ್ಲೇ ಕೆಲವು ರಾಜ್ಯಗಳಲ್ಲಿ ಶೇ 5ರಷ್ಟು ಬೆರೆಸುವ ಕಾರ್ಯಕ್ರಮ ಶುರುವಾಗಿತ್ತು. ಆದರೆ ಕುಂಟುತ್ತಾ ಸಾಗಿತು. 2013–14ರಲ್ಲೂ ದೇಶದ ಸರಾಸರಿ ಶೇ 1.5ರ ಆಸುಪಾಸಿನಲ್ಲೇ ಇತ್ತು. ಆಮೇಲೆ ವೇಗ ಸಿಕ್ಕಿತು. 2022ರ ಜೂನ್ ಹೊತ್ತಿಗೆ ಶೇ 10 ಆಯಿತು. ಶೇ 20ರ ಗುರಿ ಮೊದಲು ಇದ್ದದ್ದು 2030ಕ್ಕೆ. ಅದನ್ನು ಐದು ವರ್ಷ ಹಿಂದಕ್ಕೆ ತಂದರು. 2023ರ ಫೆಬ್ರುವರಿ 6ರಂದು ಪ್ರಧಾನಿ ಇ20ಯನ್ನು ಬಿಡುಗಡೆ ಮಾಡಿದ್ದು ನಮ್ಮ ಬೆಂಗಳೂರಿನಲ್ಲೇ, ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ. ಆಗ ಅದು ಸಿಗುತ್ತಿದ್ದದ್ದು ದೇಶದ 84 ಬಂಕ್‌ಗಳಲ್ಲಿ ಮಾತ್ರ. ಎರಡೂವರೆ ವರ್ಷದೊಳಗೆ ಮಾಮೂಲಿ ಬೆಲೆಗೆ ಬೇರೆ ಪೆಟ್ರೋಲೇ ಇಲ್ಲದಂತಾಯಿತು.

ವೇಗವೇ ಇಲ್ಲಿ ಮುಖ್ಯ ಸಂಗತಿ. 2021ರ ಜೂನ್‌ನಲ್ಲಿ ನೀತಿ ಆಯೋಗ ಒಂದು ಮಾರ್ಗಸೂಚಿ ಪ್ರಕಟಿಸಿತ್ತು. ಅದರ ಪ್ರಕಾರ 2023ರ ಏಪ್ರಿಲ್‌ನಿಂದ ಇ20 ತಾಳಿಕೊಳ್ಳುವ ಸಾಮಗ್ರಿಯ ವಾಹನಗಳು ಬರಬೇಕು. 2025ರ ಏಪ್ರಿಲ್‌ನಿಂದ ಇ20ಗೆಂದೇ ಟ್ಯೂನ್ ಮಾಡಿದ ಎಂಜಿನ್‌ಗಳು ಬರಬೇಕು. ಹಳೇ ವಾಹನಗಳ ರಕ್ಷಣೆಗಾಗಿ ಇ10 ದೇಶದಾದ್ಯಂತ ಸಿಗುತ್ತಲೇ ಇರಬೇಕು. ಬೆರಕೆ ಪೆಟ್ರೋಲಿನಲ್ಲಿ ಶಕ್ತಿ ಕಡಿಮೆ, ಹಾಗಾಗಿ ಬೆಲೆಯೂ ಕಡಿಮೆ ಇರಬೇಕು ಅನ್ನೋ ಮಾತೂ ಅದರಲ್ಲಿತ್ತು. ಹೊಸ ವಾಹನಗಳ ಭಾಗ ಜಾರಿಯಾಯಿತು. ಹಳೇ ವಾಹನಗಳಿಗೆ ಹೇಳಿದ ಎರಡೂ ಆಗಲಿಲ್ಲ. ಈಗಿನ ಅಸಮಾಧಾನದ ಮೂಲ ಇಲ್ಲಿದೆ.

ನಿಮ್ಮ ಸ್ಕೂಟರ್ ಯಾವ ಕಾಲದ್ದು?

ಆರ್‌ಸಿ ಹುಡುಕದೆಯೂ ಸುಮಾರಾಗಿ ಹೇಳಬಹುದು. ಹೆಡ್‌ಲೈಟ್ ಆರಿಸುವ ಸ್ವಿಚ್ ಇದೆಯಾ? ಹಾಗಿದ್ದರೆ ಅದು 2017ಕ್ಕಿಂತ ಹಳೆಯದು. ಆ ವರ್ಷದ ಏಪ್ರಿಲ್‌ನಿಂದ ಬಿಎಸ್‌4 ಅನ್ನೋ ಹೊಗೆ ನಿಯಮ ಬಂತು, ಲೈಟ್ ಸದಾ ಉರಿಯುವ ನಿಯಮವೂ ಬಂತು. ಸ್ವಿಚ್ ಇಲ್ಲ, ಆದರೆ 2020ರ ಏಪ್ರಿಲ್‌ಗೆ ಮುಂಚಿನದ್ದಾದರೆ ಅದು ಬಿಎಸ್‌4. ಈ ಎರಡೂ ಗುಂಪಿನ ಸ್ಕೂಟರ್‌ಗಳಲ್ಲಿ ಹೆಚ್ಚುಕಮ್ಮಿ ಎಲ್ಲದರಲ್ಲೂ ಕಾರ್ಬೊರೇಟರ್ ಇದೆ, ಅಂದರೆ ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕಳಿಸುವ ಭಾಗ.

2020ರ ಏಪ್ರಿಲ್‌ನಿಂದ ಬಿಎಸ್‌6. ಜೊತೆಗೆ ಫ್ಯುಯೆಲ್ ಇಂಜೆಕ್ಷನ್ ಬಂತು. ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಅಂತ ಒಂದು ಸೆನ್ಸರ್ ನೋಡುತ್ತದೆ. ಆಮ್ಲಜನಕ ಜಾಸ್ತಿ ಉಳಿದು ಪೆಟ್ರೋಲ್ ಕಡಿಮೆ ಬಿತ್ತು ಅನ್ನಿಸಿದರೆ ಎಂಜಿನ್ನಿನ ಪುಟ್ಟ ಕಂಪ್ಯೂಟರ್ ತಾನೇ ಸ್ವಲ್ಪ ಜಾಸ್ತಿ ಪೆಟ್ರೋಲ್ ಬಿಡುತ್ತದೆ. 2023ರ ಏಪ್ರಿಲ್ ನಂತರದ ಸ್ಕೂಟರಾದರೆ ಒಳಗಿನ ರಬ್ಬರ್, ಪ್ಲಾಸ್ಟಿಕ್ ಕೂಡ ಇ20ಗೆ ಹೊಂದುವಂಥದ್ದು. ಆ ಸ್ಕೂಟರ್ ಇರುವವರು ಮುಂದಿನದ್ದನ್ನು ಸುಮ್ನೆ ಕುತೂಹಲಕ್ಕೆ ಓದಬಹುದು.

ಕಾರ್ಬೊರೇಟರಿಗೆ ಕಣ್ಣಿಲ್ಲ

ಕಾರ್ಬೊರೇಟರಿನ ಒಳಗೆ ಹಿತ್ತಾಳೆಯ ಎರಡು ಜೆಟ್, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ತುಂಡುಗಳು ಇರುತ್ತವೆ. ಐಡಲ್‌ನಲ್ಲಿ ಕೆಲಸ ಮಾಡುವ ಸ್ಲೋ ಜೆಟ್‌ನ ತೂತು ಅರ್ಧ ಮಿಲಿಮೀಟರಿಗೂ ಕಡಿಮೆ. ಕೂದಲು ತೂರಿಸಿ ನೋಡಬೇಕು, ಅಷ್ಟು ಸಣ್ಣದು. ಆ ತೂತಿನ ಅಳತೆಯೇ ಎಷ್ಟು ಪೆಟ್ರೋಲ್ ಹೋಗಬೇಕು ಅಂತ ತೀರ್ಮಾನಿಸುತ್ತದೆ. ಹೋಗುತ್ತಿರೋದು ಶುದ್ಧ ಪೆಟ್ರೋಲೋ ಬೆರಕೆಯೋ ಅಂತ ಅದಕ್ಕೆ ಗೊತ್ತಾಗಲ್ಲ.

ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಒಂದು ಕಿಲೋ ಎಥನಾಲಿಗೆ 9 ಕಿಲೋ ಸಾಕು. ಅದರ ಅಣುವಿನಲ್ಲೇ ಆಮ್ಲಜನಕ ಇದೆ. ಲೆಕ್ಕ ಹಾಕಿದರೆ ಇ20ಗೆ ಬೇಕಾದ ಗಾಳಿ 13.5 ಕಿಲೋ ಹತ್ತಿರ. ಆದರೆ ಜೆಟ್ಟಿನ ತೂತು ಹಳೇ ಅಳತೆಯಲ್ಲೇ ಇದೆ, ಗಾಳಿಯೂ ಅಷ್ಟೇ ಬರುತ್ತಿದೆ. ಹಾಗಾಗಿ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಮೆಕ್ಯಾನಿಕ್‌ಗಳು ಇದಕ್ಕೆ 'ಲೀನ್ ಆಗಿದೆ' ಅಂತಾರೆ. ಶುದ್ಧ ಪೆಟ್ರೋಲಿಗೆ ಟ್ಯೂನ್ ಆದ ಸ್ಕೂಟರ್ ಸುಮಾರು ಶೇ 8ರಷ್ಟು ಲೀನ್ ಆಗುತ್ತದೆ. ಇ10ಗೆ ಟ್ಯೂನ್ ಆದದ್ದು ಅದರ ಅರ್ಧ.

ಲೀನ್ ಆದ ಎಂಜಿನ್ ಬೆಳಿಗ್ಗೆ ಬೇಗ ಹೊತ್ತಿಕೊಳ್ಳಲ್ಲ. ಎಥನಾಲ್ ಆವಿಯಾಗುವಾಗ ಪೆಟ್ರೋಲಿಗಿಂತ ತುಂಬಾ ಜಾಸ್ತಿ ಶಾಖ ಹೀರುತ್ತದೆ. ಹಾಗಾಗಿ ಡಿಸೆಂಬರಿನ ಮಡಿಕೇರಿಯಲ್ಲೋ ಚಿಕ್ಕಮಗಳೂರಿನಲ್ಲೋ ಇದು ಬೇಗ ಗೊತ್ತಾಗುತ್ತದೆ. ಸೆಲ್ಫ್ ಎರಡು ಸಲ ಒತ್ತಿ, ಆಮೇಲೆ ಕಿಕ್ಕರ್ ಹೊಡೆದು, ಚೋಕ್ ಎಳೆದುಕೊಂಡೇ ಗೇಟು ದಾಟಬೇಕು. ಸಿಗ್ನಲ್‌ನಲ್ಲಿ ಪಟ್ಟನೆ ಆಕ್ಸಿಲರೇಟರ್ ತಿರುವಿದರೆ ಒಂದು ಕ್ಷಣ ತಡವರಿಸುತ್ತದೆ.

ಇದರಲ್ಲೊಂದು ತಮಾಷೆ ಇದೆ. ಲೀನ್ ಆದರೆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಕಡಿಮೆಯಾಗುತ್ತದೆ. ಇ20ಯಿಂದ ದ್ವಿಚಕ್ರ ವಾಹನಗಳಲ್ಲಿ ಈ ಅನಿಲ ಅರ್ಧದಷ್ಟು ಇಳಿಯುತ್ತದೆ ಅನ್ನೋದು ಸರ್ಕಾರದ ಕಡೆಯವರು ಹೆಮ್ಮೆಯಿಂದ ಹೇಳುವ ಅಂಕಿ. ಸುಳ್ಳಲ್ಲ. ಎಮಿಷನ್ ಟೆಸ್ಟ್‌ನಲ್ಲಿ ಒಳ್ಳೇ ಮಾರ್ಕ್ಸ್ ತರುವ ಗಾಳಿಯೂ ಸಿಗ್ನಲ್‌ನಲ್ಲಿ ಮಿಸ್ಸಿಂಗ್ ಹೊಡೆಸುವ ಗಾಳಿಯೂ ಒಂದೇ. ಎರಡು ಗುಂಪಿನವರೂ ಒಂದೇ ಸಂಗತಿಯ ಎರಡು ತುದಿ ಹಿಡಿದು ಎಳೆದಾಡುತ್ತಿದ್ದಾರೆ.

ಆಕ್ಟೇನ್ ಮಾತೂ ಹೀಗೇ. ಒತ್ತಡಕ್ಕೆ ಸಿಕ್ಕಿ ಪೆಟ್ರೋಲ್ ತಾನಾಗೇ ಹೊತ್ತಿಕೊಳ್ಳದಂತೆ ತಡೆಯುವ ಗುಣದ ಅಳತೆ ಅದು. ಮೊದಲಿದ್ದ 91ರಿಂದ ಇ20ಯಲ್ಲಿ 95 ಆಗಿದೆ ಅಂತಾರೆ. ನಿಜ. ಆದರೆ ಆಕ್ಟೇನ್ ಜಾಸ್ತಿ ಇದ್ದರೆ ಲಾಭ ಆಗೋದು ಕಂಪ್ರೆಷನ್ (ಎಂಜಿನ್ ಒಳಗೆ ಮಿಶ್ರಣವನ್ನು ಒತ್ತುವ ಪ್ರಮಾಣ) ಜಾಸ್ತಿ ಇಟ್ಟು ಕಟ್ಟಿದ ಎಂಜಿನ್ನಿಗೆ. ಒಂಬತ್ತು, ಒಂಬತ್ತೂವರೆ ಕಂಪ್ರೆಷನ್ನಿನ ಹಳೇ ಸ್ಕೂಟರಿಗೆ ಅದರಿಂದ ಏನೂ ಬರಲ್ಲ.

ಮೈಲೇಜ್ ಜಗಳ: ತಿಂಗಳಿಗೆ ನಲವತ್ತು ರೂಪಾಯಿ

ಒಂದು ಲೀಟರ್ ಎಥನಾಲಿನಲ್ಲಿ ಪೆಟ್ರೋಲಿನ ಮೂರನೇ ಎರಡು ಭಾಗದಷ್ಟು ಮಾತ್ರ ಶಕ್ತಿ ಇದೆ. ಇದನ್ನು ಯಾವ ಸ್ಪಷ್ಟೀಕರಣದಿಂದಲೂ ಬದಲಿಸೋಕೆ ಆಗಲ್ಲ. ಶುದ್ಧ ಪೆಟ್ರೋಲಿಗೆ ಹೋಲಿಸಿದರೆ ಇ20ಯ ಪ್ರತಿ ಲೀಟರಿನಲ್ಲೂ ಶೇ 6–7ರಷ್ಟು ಶಕ್ತಿ ಕಡಿಮೆ. ನಾವು ಇ10 ಹಾಕುತ್ತಿದ್ದವರು, ಅದಕ್ಕೆ ಹೋಲಿಸಿದರೆ ಶೇ 3.5ರ ಹತ್ತಿರ. ನೀತಿ ಆಯೋಗದ ವರದಿಯೂ ಹಳೇ ದ್ವಿಚಕ್ರ ವಾಹನಗಳಲ್ಲಿ ಮೈಲೇಜ್ ಶೇ 3–4 ಇಳಿಯುತ್ತದೆ ಅಂದಿತ್ತು.

ಇದನ್ನು ರೂಪಾಯಿಗೆ ಇಳಿಸಿ ನೋಡೋಣ. ಲೀಟರಿಗೆ 45 ಕಿಲೋಮೀಟರ್ ಕೊಡುವ ಸ್ಕೂಟರ್, ತಿಂಗಳಿಗೆ 500 ಕಿಲೋಮೀಟರ್ ಓಡಾಟ. ಮೊದಲು 11.1 ಲೀಟರ್ ಬೇಕಿತ್ತು, ಈಗ 11.5 ಲೀಟರ್. ಬೆಂಗಳೂರಿನ 2025ರ ಬೆಲೆಯಲ್ಲಿ ಹೆಚ್ಚುವರಿ ಖರ್ಚು 40 ರೂಪಾಯಿ. ಎರಡು ಕಾಫಿ ದುಡ್ಡು.

ಮೈಲೇಜ್ ಕಾಲು ಭಾಗ ಇಳಿಯಿತು ಅನ್ನೋ ದೂರಿಗೆ ಎಥನಾಲ್ ಒಂದೇ ಕಾರಣ ಆಗಿರೋಕೆ ಸಾಧ್ಯವಿಲ್ಲ. ಲೆಕ್ಕವೇ ಹೊಂದಲ್ಲ. ಅಂಥ ಸ್ಕೂಟರಿನಲ್ಲಿ ಜಾಮ್ ಆದ ಬ್ರೇಕ್, ಗಾಳಿ ಇಳಿದ ಟೈರ್, ಕಪ್ಪಾದ ಏರ್ ಫಿಲ್ಟರ್ ಅಥವಾ ಸವೆದ ಬೆಲ್ಟ್ ಇರುತ್ತದೆ. ಹಾಗಂತ "ಗೊತ್ತೇ ಆಗಲ್ಲ" ಅನ್ನೋದೂ ಸರಿಯಲ್ಲ. ಕಡಿಮೆ ಶಕ್ತಿಯ ಪೆಟ್ರೋಲಿಗೆ ಅದೇ ಬೆಲೆ ಕೊಡುತ್ತಿದ್ದೇವೆ ಅನ್ನೋ ದೂರಿನಲ್ಲಿ ನ್ಯಾಯ ಇದೆ. ಆದರೆ ಹಳೇ ಸ್ಕೂಟರಿಗೆ ದೊಡ್ಡ ಪೆಟ್ಟು ಬೀಳೋದು ಬೇರೆ ಕಡೆ.

ನಿಂತ ಸ್ಕೂಟರಿನ ಒಳಗೆ ಏನಾಗುತ್ತದೆ

ಕಾರ್ಬೊರೇಟರಿನ ತಳದಲ್ಲಿ ಒಂದು ಪುಟ್ಟ ಬಟ್ಟಲಿದೆ, ಫ್ಲೋಟ್ ಬೌಲ್ ಅಂತ. ಅದರಲ್ಲಿ ಒಂದೆರಡು ಗುಟುಕಿನಷ್ಟು ಪೆಟ್ರೋಲ್ ಸದಾ ನಿಂತಿರುತ್ತದೆ. ಓಡಿಸುತ್ತಿದ್ದರೆ ಅದು ಖಾಲಿಯಾಗಿ ಹೊಸದು ಬರುತ್ತಲೇ ಇರುತ್ತದೆ. ಸ್ಕೂಟರ್ ಮೂರು ವಾರ ನಿಂತಿತು ಅಂತಿಟ್ಟುಕೊಳ್ಳಿ. ಬಟ್ಟಲಿಗೆ ಗಾಳಿ ಆಡುವ ಸಣ್ಣ ದಾರಿ ಇದೆ. ಪೆಟ್ರೋಲಿನ ಹಗುರ ಅಂಶ ಅಲ್ಲಿಂದ ಆವಿಯಾಗಿ ಹೋಗುತ್ತದೆ. ಎಥನಾಲ್ ಅದೇ ದಾರಿಯಲ್ಲಿ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಉಳಿಯೋದು ಅಂಟು, ಜೊತೆಗೆ ನೀರು ಸೇರಿದ ಎಥನಾಲ್.

ಅಂಥ ಬೌಲ್ ಬಿಚ್ಚಿದರೆ ತಳದಲ್ಲಿ ಸುಣ್ಣದ ಪುಡಿಯಂಥ ಬಿಳಿ ಪದಾರ್ಥ ಕಾಣುತ್ತದೆ. ಮಿಶ್ರಲೋಹದ ಬೌಲನ್ನು ಆ ದ್ರವ ತಿಂದು ಹಾಕಿದ ಗುರುತು ಅದು. ಜೆಟ್ಟಿನ ಹಿತ್ತಾಳೆ ಮೇಲೆ ಹಳೇ ತಾಮ್ರದ ಚೊಂಬಿನ ಕಿಲುಬಿನಂಥ ಹಸಿರು. ಅರ್ಧ ಮಿಲಿಮೀಟರಿಗೂ ಸಣ್ಣ ತೂತು ಮುಚ್ಚಲು ಅದರಲ್ಲಿ ಒಂದು ಚೂರು ಸಾಕು. ಸ್ಕೂಟರ್ ಸ್ಟಾರ್ಟ್ ಆಗುತ್ತದೆ, ಆಕ್ಸಿಲರೇಟರ್ ಬಿಟ್ಟ ಕೂಡಲೇ ಆಫ್ ಆಗುತ್ತದೆ.

ಶುದ್ಧ ಪೆಟ್ರೋಲೂ ನಿಂತರೆ ಅಂಟಾಗುತ್ತಿತ್ತು, ನಿಜ. ಆದರೆ ಅದು ನೀರನ್ನು ಒಳಗೆ ಕರೆಯುತ್ತಿರಲಿಲ್ಲ. ಪೆಟ್ರೋಲಿಗೆ ತುಕ್ಕು ತಡೆಯುವ ರಾಸಾಯನಿಕ ಸೇರಿಸಲಾಗುತ್ತದೆ ಅನ್ನೋದು ಸಚಿವಾಲಯದ ಉತ್ತರ. ಅದರಿಂದ ಸ್ವಲ್ಪ ಮಟ್ಟಿಗೆ ತಡೆಯಾಗಬಹುದು. ತಿಂಗಳುಗಟ್ಟಲೆ ತೆರೆದ ಬಟ್ಟಲಲ್ಲಿ ನಿಂತ ದ್ರವಕ್ಕೆ ಅದು ಪೂರ್ತಿ ಉತ್ತರ ಆಗಲ್ಲ.

ಟ್ಯಾಂಕಿನ ಕತೆ ಸ್ವಲ್ಪ ಬೇರೆ. 'ಇ20ಯಲ್ಲಿ ನೀರು ಬೇಗ ಬೇರೆಯಾಗುತ್ತದೆ' ಅಂತ ಹಬ್ಬಿದ ಮಾತು ತಿರುವುಮುರುವಾಗಿದೆ. ಎಥನಾಲ್ ಜಾಸ್ತಿ ಇದ್ದಷ್ಟೂ ಪೆಟ್ರೋಲ್ ಜಾಸ್ತಿ ನೀರನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಒಂದೆರಡು ಹನಿ ನೀರು ಸೇರಿದರೆ ಅದು ಪೆಟ್ರೋಲಿನ ಜೊತೆಗೇ ಹೋಗಿ ಆವಿಯಾಗುತ್ತದೆ. ಏನೂ ಆಗಲ್ಲ. ಮಿತಿ ದಾಟಿದರೆ ಮಾತ್ರ ನೀರೂ ಎಥನಾಲೂ ಒಟ್ಟಿಗೆ ತಳಕ್ಕೆ ಕೂರುತ್ತವೆ. ಆಗ ಬಾಟಲಿ ವಿಡಿಯೋದಲ್ಲಿ ಕಂಡದ್ದೇ ಟ್ಯಾಂಕಿನ ಒಳಗೂ ನಡೆಯುತ್ತದೆ. ಟ್ಯಾಂಕಿನಿಂದ ಕಾರ್ಬೊರೇಟರಿಗೆ ಹೋಗುವ ದಾರಿ ಇರೋದೂ ತಳದಲ್ಲೇ.

ಐದು ಲೀಟರ್ ಹಿಡಿಯುವ ಸ್ಕೂಟರ್ ಟ್ಯಾಂಕಿನಲ್ಲಿ ಒಂದು ಲೀಟರ್ ಪೆಟ್ರೋಲ್ ಇದೆ, ಮಿಕ್ಕಿದ್ದೆಲ್ಲ ಗಾಳಿ. ಜುಲೈಯಲ್ಲಿ ಆಗುಂಬೆ ಕಡೆಯ ಗಾಳಿ ಹೇಗಿರುತ್ತದೆ ಗೊತ್ತಲ್ಲ. ಹಳೇ ಮಾಡೆಲ್‌ಗಳಲ್ಲಿ ಪೆಟ್ರೋಲ್ ಮುಚ್ಚಳ ಸೀಟಿನ ಕೆಳಗಿದೆ. ಮಳೆಯಲ್ಲಿ ಸೀಟ್ ಎತ್ತಿ ಪೆಟ್ರೋಲ್ ಹಾಕಿಸುವಾಗ ರೇನ್‌ಕೋಟಿನ ತೋಳಿನಿಂದ ನೀರು ತೊಟ್ಟಿಕ್ಕಿರುತ್ತದೆ. ಬಂಕಿನ ನೆಲದಡಿಯ ಟ್ಯಾಂಕಿಗೆ ಮಳೆನೀರು ಇಳಿದಿದ್ದರಂತೂ ಕೇಳುವುದೇ ಬೇಡ. ಮೊದಲೆಲ್ಲ ಆ ನೀರು ತಳದಲ್ಲಿ ತನ್ನಷ್ಟಕ್ಕೆ ನಿಂತಿರುತ್ತಿತ್ತು. ಈಗ ಅದು ಪೆಟ್ರೋಲಿನ ಒಳಗೇ ಸೇರಿ ನಿಮ್ಮ ಟ್ಯಾಂಕಿಗೆ ಬರುತ್ತದೆ.

ಇನ್ನು ಹಳೇ ಚೇತಕ್ ಓಡಿಸಿದವರಿಗೆ ಪೆಟ್ರೋಲ್ ಕಾಕ್ ತಿರುವುವ ಅಭ್ಯಾಸ ಇತ್ತು. ಮನೆ ಹತ್ತಿರ ಬರುತ್ತಿದ್ದ ಹಾಗೆ ಕಾಕ್ ಬಂದ್ ಮಾಡಿದರೆ ಬೌಲ್‌ನಲ್ಲಿದ್ದದ್ದು ಉರಿದು ಖಾಲಿ. ಗೇರ್ ಇಲ್ಲದ ಸ್ಕೂಟರ್‌ಗಳಲ್ಲಿ ಆ ಕಾಕ್ ಹೋಯಿತು. ಬದಲಿಗೆ ಎಂಜಿನ್ ಎಳೆತಕ್ಕೆ ತಾನೇ ತೆರೆದು ಮುಚ್ಚುವ ವ್ಯಾಕ್ಯೂಮ್ ಕಾಕ್ ಬಂತು. ಅದರ ಹೃದಯ ಒಂದು ತೆಳು ರಬ್ಬರ್ ಪರದೆ. ಅದು ಗಟ್ಟಿಯಾದರೆ ಪೆಟ್ರೋಲ್ ಇಳಿಯಲ್ಲ, ಹರಿದರೆ ಪೆಟ್ರೋಲ್ ವ್ಯಾಕ್ಯೂಮ್ ಪೈಪ್ ಹಿಡಿದು ನೇರ ಎಂಜಿನ್ನಿಗೆ ಇಳಿಯುತ್ತದೆ. ಅನುಕೂಲಕ್ಕೆ ಬಂದ ಭಾಗವೇ ಈಗ ಮೊದಲು ಸೋಲುವ ಭಾಗ.

ಹಾಗಾದರೆ ಯಾರಿಗೆ ತೊಂದರೆ ಜಾಸ್ತಿ? ದಿನಾ ಓಡಿಸುವವರಿಗಲ್ಲ. ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ಧೂಳು ಹಿಡಿದ ಸ್ಕೂಟರಿಗೆ. ಕಾಲೇಜಿಗೆಂದು ಮಕ್ಕಳು ಬೇರೆ ಊರಿಗೆ ಹೋದ ಮೇಲೆ ಮನೆಯಲ್ಲಿ ಉಳಿದದ್ದಕ್ಕೆ. ಉಡುಪಿ, ಮಂಗಳೂರು ಕಡೆ ಗಲ್ಫಿನಲ್ಲಿರುವವರು ವರ್ಷಕ್ಕೊಮ್ಮೆ ಬಂದು ಕವರ್ ತೆಗೆಯುವ ಸ್ಕೂಟರಿಗೆ. ಮೈಲೇಜ್ ಸಮೀಕ್ಷೆಗಳಲ್ಲಿ ಇವು ಕಾಣಿಸೋದೇ ಇಲ್ಲ. ಓಡದ ಸ್ಕೂಟರಿಗೆ ಎಲ್ಲಿಯ ಮೈಲೇಜ್?

ಕಿಲೋಮೀಟರ್ ಲೆಕ್ಕ, ತಿಂಗಳ ಲೆಕ್ಕ

ಸಚಿವಾಲಯ ಹಳೇ ವಾಹನಗಳ ತೊಂದರೆಯನ್ನು ಪೂರ್ತಿ ಅಲ್ಲಗಳೆದಿಲ್ಲ. ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್‌ಗಳನ್ನು 20,000ದಿಂದ 30,000 ಕಿಲೋಮೀಟರ್ ನಂತರ ಬದಲಿಸಬೇಕಾಗಬಹುದು, ಖರ್ಚು ಕಡಿಮೆ, ಮಾಮೂಲಿ ಸರ್ವಿಸ್‌ನಲ್ಲೇ ಮುಗಿಯುತ್ತದೆ ಅಂದಿತು. ವಾಹನದ ಆಯುಸ್ಸಿನಲ್ಲಿ ಒಮ್ಮೆ ಮಾಡಿಸಿದರೆ ಸಾಕಾಗಬಹುದು ಅಂತಲೂ ಹೇಳಿತು.

ಭಾಗಗಳ ಬೆಲೆ ಕಡಿಮೆ ಅನ್ನೋದು ಸರಿಯೇ. ಒಂದು ಬೌಲ್ ಗ್ಯಾಸ್ಕೆಟ್, ಒಂದಡಿ ಪೆಟ್ರೋಲ್ ಪೈಪ್, ಒಂದು ಓ ರಿಂಗ್. ಆದರೆ ಆಯುಸ್ಸು ಅಂದರೆ ಯಾರ ಆಯುಸ್ಸು? ದಿನಕ್ಕೆ 100 ಕಿಲೋಮೀಟರ್ ಓಡಿಸುವ ಡೆಲಿವರಿ ಹುಡುಗನಿಗೆ 20,000 ಕಿಲೋಮೀಟರ್ ಅಂದರೆ 200 ದಿನ. ವರ್ಷ ತುಂಬುವ ಮೊದಲೇ ಬರುತ್ತದೆ. ದಿನಕ್ಕೆ ಐದು ಕಿಲೋಮೀಟರ್ ಓಡಿಸುವ ನಿವೃತ್ತ ಮೇಷ್ಟರಿಗೆ ಅದು ಹನ್ನೊಂದು ವರ್ಷ. ಅಷ್ಟು ವರ್ಷ ಅವರ ಸ್ಕೂಟರಿನ ರಬ್ಬರ್ ಕಾಯುತ್ತಾ ಕೂರುತ್ತದಾ? ಪೆಟ್ರೋಲಿನಲ್ಲಿ ನೆನೆದ ರಬ್ಬರ್ ಊದುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಅದಕ್ಕೆ ಮೀಟರ್ ಓದಲು ಬರಲ್ಲ, ಕಾಲ ಮಾತ್ರ ಗೊತ್ತು.

ಇನ್ನೊಂದು, ಇದರ ಮಜೂರಿ. ಓ ರಿಂಗ್ ಹತ್ತು ರೂಪಾಯಿಯದ್ದಾದರೂ ಅದನ್ನು ಮುಟ್ಟಲು ಸೀಟಿನ ಕೆಳಗಿನ ಬಾಕ್ಸ್ ಎತ್ತಬೇಕು, ಕಾರ್ಬೊರೇಟರ್ ಬಿಚ್ಚಬೇಕು, ತೊಳೆಯಬೇಕು. ಊರು, ಗ್ಯಾರೇಜು ನೋಡಿಕೊಂಡು ಕೆಲವು ನೂರು ರೂಪಾಯಿ ಹೋಗುತ್ತದೆ. ಮೈಲೇಜಿನಲ್ಲಿ ಇಡೀ ವರ್ಷ ಕಳೆದುಕೊಳ್ಳುವ ದುಡ್ಡಿಗಿಂತ ಎರಡು ಸಲದ ಈ ಕೆಲಸ ಜಾಸ್ತಿ ತಿನ್ನಬಹುದು. ಯಾವ ವರದಿಯ ಲೆಕ್ಕಕ್ಕೂ ಸೇರದ ಖರ್ಚು ಇದು. ಬೀದಿ ಮೂಲೆಯ ಗ್ಯಾರೇಜಿನಲ್ಲಿ ಬಿಲ್ ಇಲ್ಲದೆ ಮುಗಿದುಹೋಗುತ್ತದೆ.

ಜೆಟ್ ಬದಲಿಸಬಹುದಾ? ಆ ಬಾಟಲಿ ಹಾಕಬಹುದಾ?

ಗೊಂದಲ ಇದ್ದಲ್ಲಿ ವ್ಯಾಪಾರ ಹುಟ್ಟುತ್ತದೆ. ಟ್ಯಾಂಕಿಗೆ ಹಾಕುವ ರಾಸಾಯನಿಕದ ಬಾಟಲಿ, ಪೆಟ್ರೋಲ್ ಪೈಪಿಗೆ ಕಟ್ಟುವ ಅಯಸ್ಕಾಂತ, ಎಥನಾಲ್ ತೆಗೆದುಬಿಡುವ ಮನೆಮದ್ದು, ಎಲ್ಲ ಬಂದಿವೆ. ಅಯಸ್ಕಾಂತಕ್ಕೆ ಕೊಟ್ಟ ದುಡ್ಡು ದಂಡ. ತುಕ್ಕು ತಡೆಯುವ ಒಳ್ಳೇ ಬಾಟಲಿಗಳು ನಿಲ್ಲಿಸಿಡುವ ಸ್ಕೂಟರಿಗೆ ಒಂದಿಷ್ಟು ಸಹಾಯ ಮಾಡಬಹುದು, ಆದರೆ ಕಡಿಮೆಯಾದ ಶಕ್ತಿಯನ್ನು ಯಾವ ಬಾಟಲಿಯೂ ತುಂಬಿಕೊಡಲ್ಲ. ನೀರು ಹಾಕಿ ಎಥನಾಲ್ ತೆಗೆಯುವ ಪ್ರಯೋಗವನ್ನು ಮನೆಯಲ್ಲಿ ಮಾಡಲೇಬೇಡಿ. ಬೆಂಕಿಯ ಅಪಾಯ ಒಂದು ಕಡೆ. ಎಥನಾಲ್ ಹೋದ ಮೇಲೆ ಉಳಿಯುವ ಪೆಟ್ರೋಲಿನ ಆಕ್ಟೇನ್ ಕೂಡ ಇಳಿದಿರುತ್ತದೆ. ಬೆರಕೆಗೆ ಲೆಕ್ಕ ಹಾಕಿಯೇ ರಿಫೈನರಿಯವರು ಮೂಲ ಪೆಟ್ರೋಲ್ ಮಾಡಿರುತ್ತಾರೆ.

ನಿಜವಾಗಿ ಕೆಲಸಕ್ಕೆ ಬರುವ ಬದಲಾವಣೆ ತೀರಾ ಸಾದಾ. ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕೋದು, ಐಡಲ್ ಮಿಕ್ಸ್‌ಚರ್ ಸ್ಕ್ರೂ ಸ್ವಲ್ಪ ತಿರುವೋದು. ಲೀನ್ ಆದದ್ದು ಸರಿಹೋಗುತ್ತದೆ. ತಡವರಿಕೆ ನಿಲ್ಲುತ್ತದೆ. ಪೆಟ್ರೋಲ್ ಮಾತ್ರ ಇನ್ನೊಂಚೂರು ಜಾಸ್ತಿ ಕುಡಿಯುತ್ತದೆ. ಅತಿ ಮಾಡಿದರೆ ಪ್ಲಗ್ ಕಪ್ಪಾಗುತ್ತದೆ, ಎಮಿಷನ್ ಟೆಸ್ಟ್‌ನಲ್ಲಿ ಫೇಲ್ ಆಗುತ್ತದೆ. ಹಾಗಾಗಿ ಸ್ಕ್ರೂ ತಿರುವಿದ ಮೇಲೆ ಟೆಸ್ಟ್ ಮಾಡಿಸೋದು ಒಳ್ಳೇದು.

ಕಾನೂನು? ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯೋದು ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂಥ ಬದಲಾವಣೆಯನ್ನು. ಜೆಟ್ ಸೈಜ್ ಆರ್‌ಸಿಯಲ್ಲಿ ಇರಲ್ಲ. ದೊಡ್ಡ ಸಿಲಿಂಡರ್ ಕೂರಿಸಿ 110 ಸಿಸಿಯನ್ನು 130 ಮಾಡಿದರೆ ಆ ಮಾತು ಬೇರೆ. ಕಂಪನಿ ವಾರಂಟಿಯಲ್ಲಿರುವ ಸ್ಕೂಟರನ್ನೂ ಮುಟ್ಟಬೇಡಿ. ಅವು ಹೇಗೂ ಹೊಸವು.

ಪೈಪ್ ಬದಲಿಸುವಾಗ ಮಾತ್ರ ಕೇಳಿ ಕೊಳ್ಳಿ. ನೋಡಲು ಒಂದೇ ಥರ ಕರ್ರಗಿದ್ದರೂ ಮಾಮೂಲಿ ನೈಟ್ರೈಲ್ ರಬ್ಬರ್ ಬೇರೆ, ಎಥನಾಲ್ ತಾಳುವ ಫ್ಲೋರೋ ರಬ್ಬರ್ ಬೇರೆ. ಎರಡನೆಯದಕ್ಕೆ ದುಡ್ಡು ಜಾಸ್ತಿ, ಬಾಳಿಕೆಯೂ ಜಾಸ್ತಿ.

ನಿಲ್ಲಿಸಿಡುವ ಸ್ಕೂಟರಿಗೆ ಇದ್ಯಾವುದೂ ಬೇಡ, ಬೌಲ್ ತಳದಲ್ಲಿರುವ ಡ್ರೈನ್ ಸ್ಕ್ರೂ ಸಾಕು. ತಿಂಗಳುಗಟ್ಟಲೆ ಓಡಿಸಲ್ಲ ಅಂದರೆ ಅದನ್ನು ಸಡಿಲಿಸಿ, ಬೌಲ್‌ನಲ್ಲಿದ್ದದ್ದನ್ನು ಬಾಟಲಿಗೆ ಇಳಿಸಿ ಮತ್ತೆ ಬಿಗಿಯಬೇಕು. ಚೇತಕ್ ಕಾಲದ ಕಾಕ್ ಮಾಡುತ್ತಿದ್ದ ಕೆಲಸವೇ ಇದು. ಟ್ಯಾಂಕ್ ತುಂಬಿಸಿಟ್ಟರೆ ಒಳಗೆ ಗಾಳಿಗೆ ಜಾಗ ಇರಲ್ಲ, ತೇವವೂ ಕಡಿಮೆ. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಎರಡು ನಿಮಿಷ ಗುರ್ ಅನ್ನಿಸೋದಕ್ಕಿಂತ ಇಪ್ಪತ್ತು ನಿಮಿಷ ಓಡಿಸಿ ಬರೋದು ಎಷ್ಟೋ ಮೇಲು. ಎರಡು ನಿಮಿಷದಲ್ಲಿ ಸೈಲೆನ್ಸರ್ ಒಳಗೆ ನೀರು ಕೂರುತ್ತದೆ ಅಷ್ಟೇ.

ಆಯ್ಕೆ ಯಾಕಿಲ್ಲ?

ಬ್ರಿಟನ್‌ನಲ್ಲಿ 2021ರ ಸೆಪ್ಟೆಂಬರ್‌ನಲ್ಲಿ ಇ10 ಬಂದಾಗ ಹಳೇ ವಾಹನಗಳಿಗಾಗಿ ಇ5 ಕೂಡ ಉಳಿಸಿಕೊಂಡರು. ಇ10 ಹಾಕಬಾರದ ವಾಹನಗಳ ಬಗ್ಗೆ ಅಲ್ಲಿನ ಸರ್ಕಾರ ಹೇಳಿದ್ದರಲ್ಲಿ 50 ಸಿಸಿ ಮತ್ತು ಅದಕ್ಕಿಂತ ಸಣ್ಣ ಮೊಪೆಡ್‌ಗಳ ಹೆಸರಿತ್ತು. ಅಮೆರಿಕದಲ್ಲಿ ಇ15 ಪೆಟ್ರೋಲನ್ನು 2001 ಮತ್ತು ಅದರ ನಂತರದ ಮಾಡೆಲ್ ಕಾರುಗಳಿಗೆ ಹಾಕಬಹುದು, ದ್ವಿಚಕ್ರ ವಾಹನಗಳಿಗೆ ಹಾಕುವಂತಿಲ್ಲ. ನಮ್ಮಲ್ಲಿ ಇ20 ಸಮರ್ಥಿಸುವವರು ತೋರಿಸೋದು ಬ್ರೆಜಿಲನ್ನು. ಅಲ್ಲಿ ಶೇ 27 ಇತ್ತು, 2025ರ ಆಗಸ್ಟ್‌ನಿಂದ ಶೇ 30 ಆಗಿದೆ. ಆದರೆ ಬ್ರೆಜಿಲ್ ಈ ದಾರಿ ಹಿಡಿದದ್ದು 1970ರ ದಶಕದಲ್ಲಿ. ಅಲ್ಲಿನ ಬೈಕುಗಳು ಎಷ್ಟೋ ವರ್ಷದಿಂದ ಎಥನಾಲ್ ಬೆರೆತ ಪೆಟ್ರೋಲಿಗೆಂದೇ ತಯಾರಾಗುತ್ತಿವೆ. ಹಳೇ ಗಾಡಿಗೆ ಹೊಸ ಪೆಟ್ರೋಲ್ ಅನ್ನೋ ನಮ್ಮ ಸಮಸ್ಯೆಗೆ ಅದು ಹೋಲಿಕೆಯಲ್ಲ.

ನಮ್ಮಲ್ಲಿ ಎರಡು ಪೆಟ್ರೋಲ್ ಇಡಲು ಎರಡು ಟ್ಯಾಂಕ್, ಎರಡು ಸಾಗಾಟ ಬೇಕು ಅನ್ನೋದು ಒಂದು ಅಡ್ಡಿ. ಎಥನಾಲ್ ಇಲ್ಲದ 100 ಆಕ್ಟೇನ್ ಪೆಟ್ರೋಲ್ ದೊಡ್ಡ ಊರುಗಳ ಕೆಲವು ಬಂಕ್‌ಗಳಲ್ಲಿ ಸಿಗುತ್ತದೆ. ಬೆಲೆ ಮಾಮೂಲಿಯ ಒಂದೂವರೆ ಪಟ್ಟು. ಅದನ್ನು ಹಳೇ ಸ್ಕೂಟರಿಗೆ ಹಾಕೋದು ಅಂದರೆ ಎತ್ತಿಗೆ ಗೋಡಂಬಿ ತಿನ್ನಿಸಿದ ಹಾಗೆ.

ಬೆಲೆ ಇಳಿಸದ್ದಕ್ಕೂ ಕಾರಣ ಇದೆ. ಮಾರ್ಗಸೂಚಿ ಬರೆದಾಗ ಎಥನಾಲ್ ಪೆಟ್ರೋಲಿಗಿಂತ ಅಗ್ಗ ಇತ್ತು. ಆಮೇಲೆ ಕಬ್ಬು, ಮೆಕ್ಕೆಜೋಳದ ಎಥನಾಲ್ ಖರೀದಿ ಬೆಲೆ ಏರಿಸುತ್ತಾ ಬಂದರು. 2025ರ ಜುಲೈ ಅಂತ್ಯಕ್ಕೆ ಸರಾಸರಿ ಲೀಟರಿಗೆ 71.32 ರೂಪಾಯಿ, ರಿಫೈನರಿಯಿಂದ ಹೊರಬರುವ ಪೆಟ್ರೋಲಿಗಿಂತ ಜಾಸ್ತಿ. ಅಂದರೆ ಬೆರಕೆಯಿಂದ ಬಂಕಿನಲ್ಲಿ ಉಳಿತಾಯವೇ ಇಲ್ಲ. ಉಳಿತಾಯ ಇರೋದು ವಿದೇಶಿ ವಿನಿಮಯದಲ್ಲಿ. ಹನ್ನೊಂದು ವರ್ಷದಲ್ಲಿ 1.44 ಲಕ್ಷ ಕೋಟಿ ರೂಪಾಯಿ ಉಳಿದಿದೆ ಅನ್ನೋದು ಸರ್ಕಾರದ ಲೆಕ್ಕ.

ಆ ದುಡ್ಡಿನ ಒಂದು ಭಾಗ ರೈತರಿಗೆ ಹೋಗುತ್ತದೆ, ಹಾಗಾಗಿ ಕರ್ನಾಟಕದಲ್ಲಿ ಈ ವಿಷಯಕ್ಕೆ ಎರಡು ಮುಖ. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ಟನ್‌ಗೆ 3,500 ರೂಪಾಯಿ ಕೇಳಿ ಕೂತರು. ಕೊನೆಗೆ 3,300ಕ್ಕೆ ಒಪ್ಪಂದ ಆಯಿತು. ಆಗ ಮುಖ್ಯಮಂತ್ರಿ ಸಿದ್ದರಾಮಯ್ಯ ಪ್ರಧಾನಿಗೆ ಬರೆದ ಪತ್ರದಲ್ಲಿದ್ದ ದೂರು ಎಥನಾಲ್ ಜಾಸ್ತಿ ಆಯಿತು ಅಂತಲ್ಲ, ಕಡಿಮೆ ಆಯಿತು ಅಂತ. ರಾಜ್ಯದ ತಯಾರಿಕಾ ಸಾಮರ್ಥ್ಯ 270 ಕೋಟಿ ಲೀಟರ್, ಕೇಂದ್ರ ಹಂಚಿದ್ದು 47 ಕೋಟಿ ಲೀಟರ್ ಮಾತ್ರ ಅನ್ನೋದು ಅವರ ವಾದ. ಮುಧೋಳದ ಕಬ್ಬಿನ ಗದ್ದೆಗೆ ಸ್ಕೂಟರಿನಲ್ಲಿ ಹೋಗಿಬರುವ ರೈತನಿಗೆ ಇ20ಯಿಂದ ಬರೋದೂ ಇದೆ, ಹೋಗೋದೂ ಇದೆ.

ಮುಂದೇನು?

ಈಗಿನ ಮಾರ್ಗಸೂಚಿ ಇ20ಗೆ ಬದ್ಧವಾಗಿರೋದು 2026ರ ಅಕ್ಟೋಬರ್ 31ರವರೆಗೆ ಅಂತ ಸಚಿವಾಲಯವೇ ಹೇಳಿದೆ. ಅಲ್ಲಿಂದ ಮುಂದೆ ಎಷ್ಟು ಅನ್ನೋದು ಸಚಿವಾಲಯಗಳ ಜಂಟಿ ಸಮಿತಿಯ ವರದಿ ನೋಡಿ ತೀರ್ಮಾನ ಆಗಬೇಕು. ಇ27ರ ಮಾತು ಆಗಲೇ ಕೇಳಿಬಂದಿದೆ. ಡಿಸ್ಟಿಲರಿಗಳು ತುಂಬಾ ಆಗಿವೆ, ಅವುಗಳ ಮೇಲೆ ಬ್ಯಾಂಕ್ ಸಾಲ ಇದೆ. ಆ ಕಡೆಯಿಂದ ಒತ್ತಡ ಮೇಲಕ್ಕೇ ಹೊರತು ಕೆಳಕ್ಕಲ್ಲ.

ಇ20ಯಲ್ಲಿ ಕಾರ್ಬೊರೇಟರ್ ಸ್ಕೂಟರ್ ಒಂದು ಸೈಜ್ ಜೆಟ್ಟಿನಿಂದ ಸುಧಾರಿಸಿಕೊಂಡೀತು. ಇ27 ಆದರೆ ಶುದ್ಧ ಪೆಟ್ರೋಲಿನ ಕಾಲದ್ದು ಶೇ 11ರಷ್ಟು ಲೀನ್ ಆಗುತ್ತದೆ. ಆಗ ಚೋಕ್ ಎಳೆದುಕೊಂಡು ಗೇಟು ದಾಟಿದರೆ ಸಾಲದು. 2020ರಿಂದ 2023ರ ನಡುವಿನ ಇಂಜೆಕ್ಷನ್ ಸ್ಕೂಟರ್‌ಗಳೂ ಆಗ ಈ ಸಾಲಿಗೆ ಬರುತ್ತವೆ. ಅವುಗಳ ಕಂಪ್ಯೂಟರ್ ಪೆಟ್ರೋಲ್ ಹೆಚ್ಚಿಸಿಕೊಳ್ಳಬಲ್ಲದು, ಆದರೆ ಅದಕ್ಕೂ ಒಂದು ಮಿತಿ ಇದೆ. ಒಳಗಿನ ರಬ್ಬರ್ ಮೊದಲಿನದ್ದೇ.

ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಇದರ ಬಿಸಿ ಮೊದಲು ತಟ್ಟೋದು. ಹಳೇ ಸ್ಕೂಟರ್ ಕೊಳ್ಳುವವರು ಟೈರ್, ಬ್ಯಾಟರಿ, ಎಂಜಿನ್ ಸದ್ದು ನೋಡುತ್ತಾರೆ. ಇನ್ನು ಮೇಲೆ ಸೀಟ್ ಕೆಳಗಿನ ಬಾಕ್ಸ್ ಎತ್ತಿಸಿ, ಡ್ರೈನ್ ಸ್ಕ್ರೂ ಸಡಿಲಿಸಿ, ಬೌಲ್‌ನಿಂದ ಇಳಿದದ್ದನ್ನು ಒಂದು ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಬೇಕಾಗುತ್ತದೆ. ಸ್ವಚ್ಛವಾಗಿದ್ದರೆ ಸರಿ. ತಳದಲ್ಲಿ ಇನ್ನೊಂದು ಪದರ ಕಂಡರೆ ಬೆಲೆಯಲ್ಲಿ ಒಂದೆರಡು ಸಾವಿರ ಇಳಿಸಿ ಅಂತ ಧೈರ್ಯವಾಗಿ ಕೇಳಬಹುದು.